ಬೆಳಕಿಗೆ ಅಂಜುವ ದೆವ್ವ ಮತ್ತು ತೆಂಗಿನ ಸೀಮೆಯ ಕತ್ತಲೆ

ದೆವ್ವದ ಸಿನಿಮಾ ನೋಡಿದವರಿಗೆಲ್ಲ ಒಂದು ನಿಯಮ ಬಾಯಿಪಾಠವಾಗಿರುತ್ತದೆ. ಕತ್ತಲಾದ ಮೇಲೆ ದೆವ್ವ ಏಳುತ್ತದೆ, ಕೋಳಿ ಕೂಗಿ ಬೆಳಕು ಹರಿಯುವ ಹೊತ್ತಿಗೆ ಅಡಗುತ್ತದೆ. ಬೆಳಕು ಮೈಗೆ ತಾಕಿದರೆ ಅದರ ಕಥೆ ಮುಗಿಯಿತು. ಈ ನಂಬಿಕೆ ಮನುಷ್ಯನಷ್ಟೇ ಹಳೆಯದು ಎಂದು ನಾವು ತಿಳಿದುಕೊಂಡಿದ್ದೇವೆ. ಇದು ಅರ್ಧ ಮಾತ್ರ ನಿಜ. ಕತ್ತಲೆಯ ಭಯ ಖಂಡಿತ ಹಳೆಯದು. ಆದರೆ ಬಿಸಿಲು ಬಿದ್ದರೆ ಸಾಯುವ ಭೂತ ತೀರ ಈಚಿನದು. ಅದು ಹುಟ್ಟಿದ ವರ್ಷವನ್ನೂ ಊರನ್ನೂ ಹೆಸರಿಸಿ ಹೇಳಬಹುದು. ಅದು ಹುಟ್ಟಿದ್ದು 1922ರಲ್ಲಿ, ಜರ್ಮನಿಯಲ್ಲಿ, ಕಡಿಮೆ ಖರ್ಚಿನಲ್ಲಿ ತಯಾರಾದ ಒಂದು ಮೂಕಿ ಚಿತ್ರದಲ್ಲಿ. ಅಲ್ಲಿಂದ ಅದು ಲಂಡನ್, ಇಸ್ತಾಂಬುಲ್, ಲಾಹೋರ್, ಮುಂಬಯಿಗಳನ್ನು ಸುತ್ತಿ ನಮ್ಮ ಊರುಗಳ ಪರದೆಗೂ ಬಂತು.

ಈ ಚರಿತ್ರೆಯನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ನಿಂತು ನೋಡುವುದಕ್ಕೆ ಕಾರಣವಿದೆ. ಇಲ್ಲಿ ಕತ್ತಲೆ ಎಂದರೆ ಬರೀ ಭಯವಲ್ಲ, ಅದು ಬದುಕಿನ ಒಂದು ಸಾಮಾನು. ಈ ಸೀಮೆಗೆ ಹೆಸರು ತಂದ ಉಂಡೆ ಕೊಬ್ಬರಿ ಆಗುವುದು ಅಟ್ಟದ ಕತ್ತಲೆಯಲ್ಲಿ. ಇಲ್ಲಿನ ಆಟ, ನಾಟಕ, ಟೆಂಟ್ ಸಿನಿಮಾಗಳೆಲ್ಲ ಬೆಳೆದದ್ದು ರಾತ್ರಿಯ ಹೊತ್ತಿನಲ್ಲಿ. ಕತ್ತಲೆಯೊಡನೆ ಇಷ್ಟು ಒಡನಾಟವಿರುವ ಜನರಿಗೆ ಬೆಳಕಿಗೆ ಅಂಜುವ ದೆವ್ವ ಏನನ್ನು ಹೇಳುತ್ತದೆ?

ಬಿಸಿಲಿನಲ್ಲಿ ತೆಗೆದ ರಾತ್ರಿ

ಬ್ರಾಮ್ ಸ್ಟೋಕರ್ ಎಂಬ ಐರಿಷ್ ಲೇಖಕನ 'ಡ್ರಾಕುಲಾ' ಕಾದಂಬರಿ ಪ್ರಕಟವಾದದ್ದು 1897ರಲ್ಲಿ. ರಕ್ತ ಹೀರುವ ಆ ಪ್ರಭು ಹಗಲಿನಲ್ಲಿಯೂ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ. ಹಗಲಿನಲ್ಲಿ ಅವನ ಶಕ್ತಿ ಕುಗ್ಗುತ್ತದೆ, ಅಷ್ಟೆ. ಬಿಸಿಲು ಅವನನ್ನು ಕೊಲ್ಲುವುದಿಲ್ಲ. ಕೊನೆಗೆ ಅವನು ಸಾಯುವುದು ಚೂರಿಗಳ ಇರಿತದಿಂದ.

ಈ ಕಾದಂಬರಿಯನ್ನು ಹಕ್ಕು ಪಡೆಯದೆ ಸಿನಿಮಾ ಮಾಡಲು ಹೊರಟದ್ದು ಜರ್ಮನಿಯ ಪ್ರಾಣಾ ಫಿಲ್ಮ್ ಎಂಬ ಹೊಸ ಸಂಸ್ಥೆ. ಹೆಸರುಗಳನ್ನು ಬದಲಾಯಿಸಿದರು. ಡ್ರಾಕುಲಾ ಇಲ್ಲಿ ಕೌಂಟ್ ಓರ್ಲಾಕ್ ಆದ. ಚಿತ್ರಕ್ಕೆ 'ನೊಸ್ಫೆರಾಟು' ಎಂದು ಹೆಸರಿಟ್ಟರು. ನಿರ್ದೇಶಕ ಎಫ್. ಡಬ್ಲ್ಯು. ಮುರ್ನೌ, ಚಿತ್ರಕಥೆ ಹೆನ್ರಿಕ್ ಗಾಲೀನ್, ಭೂತದ ಪಾತ್ರದಲ್ಲಿ ಮ್ಯಾಕ್ಸ್ ಶ್ರೆಕ್. ಕೈಯಲ್ಲಿ ಹಣ ಕಡಿಮೆ, ಕ್ಯಾಮೆರಾ ಒಂದೇ. ದೊಡ್ಡ ಸೆಟ್ಟುಗಳನ್ನು ಹಾಕುವ ಬದಲು ಹಳೆಯ ಊರುಗಳ ಬೀದಿಗಳಲ್ಲಿ, ಇಂದಿನ ಸ್ಲೊವಾಕಿಯಾದ ಒಂದು ಕೋಟೆಯಲ್ಲಿ ಚಿತ್ರ ತೆಗೆದರು.

ಈ ಚಿತ್ರದ ಕೊನೆಯಲ್ಲಿ ಹೊಸದೊಂದು ಸಂಗತಿ ನಡೆಯಿತು. ನಾಯಕಿ ತನ್ನ ಪ್ರಾಣವನ್ನೇ ಪಣವಾಗಿಟ್ಟು ಭೂತವನ್ನು ಬೆಳಗಿನ ತನಕ ತನ್ನ ಬಳಿ ತಡೆದು ನಿಲ್ಲಿಸುತ್ತಾಳೆ. ಕೋಳಿ ಕೂಗುತ್ತದೆ, ಕಿಟಕಿಯಿಂದ ಬಿಸಿಲು ಬೀಳುತ್ತದೆ, ಓರ್ಲಾಕ್ ಹೊಗೆಯಾಗಿ ಕರಗಿ ಹೋಗುತ್ತಾನೆ. ಕಾದಂಬರಿಯಲ್ಲಿ ಇಲ್ಲದ ಈ ಸಾವು ಸಿನಿಮಾಕ್ಕೆ ಹೇಳಿ ಮಾಡಿಸಿದಂತಿತ್ತು. ಬೆಳಕು ಮತ್ತು ನೆರಳನ್ನು ಬಿಟ್ಟರೆ ಸಿನಿಮಾದ ಕೈಯಲ್ಲಿ ಇರುವುದಾದರೂ ಏನು?

ಇದರಲ್ಲಿ ಒಂದು ತಮಾಷೆಯೂ ಇದೆ. ಆಗಿನ ಫಿಲ್ಮಿಗೆ ರಾತ್ರಿಯ ಮಂದ ಬೆಳಕಿನಲ್ಲಿ ಚಿತ್ರ ಹಿಡಿಯುವ ಶಕ್ತಿ ಇರಲಿಲ್ಲ. ಆದ್ದರಿಂದ ಬಿಸಿಲಿಗೆ ಸಾಯುವ ಈ ಭೂತ ಹೊರಗೆ ಓಡಾಡುವ ರಾತ್ರಿಯ ದೃಶ್ಯಗಳನ್ನು ತೆಗೆದದ್ದು ಹಗಲಿನಲ್ಲಿ. ಆಮೇಲೆ ಆ ಭಾಗದ ಫಿಲ್ಮಿಗೆ ನೀಲಿ ಬಣ್ಣ ಹಚ್ಚಿದರು. ನೀಲಿ ಎಂದರೆ ರಾತ್ರಿ ಎಂದು ಪ್ರೇಕ್ಷಕರು ಅರ್ಥಮಾಡಿಕೊಳ್ಳುತ್ತಿದ್ದರು. ಮುಂದೆ ಬಣ್ಣವಿಲ್ಲದ ಕಪ್ಪು ಬಿಳುಪು ಪ್ರತಿಗಳು ಹರಡಿದಾಗ, ಶವಪೆಟ್ಟಿಗೆಯನ್ನು ಹೊತ್ತ ಓರ್ಲಾಕ್ ಹಾಡುಹಗಲಲ್ಲೇ ಊರು ಸುತ್ತುವುದನ್ನು ಜನ ನೋಡಬೇಕಾಯಿತು!

ಸ್ಟೋಕರನ ಹೆಂಡತಿ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದಳು. ಅಷ್ಟು ಹೊತ್ತಿಗೆ ಪ್ರಾಣಾ ಫಿಲ್ಮ್ ದಿವಾಳಿಯಾಗಿತ್ತು. ಚಿತ್ರದ ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು 1925ರಲ್ಲಿ ತೀರ್ಪಾಯಿತು. ಆದರೆ ಕೆಲವು ಪ್ರತಿಗಳು ಆಗಲೇ ಹೊರದೇಶಗಳನ್ನು ಸೇರಿದ್ದವು. ಚಿತ್ರ ಉಳಿಯಿತು, ಅದರೊಡನೆ 'ಬೆಳಕು ಕೊಲ್ಲುತ್ತದೆ' ಎಂಬ ನಿಯಮವೂ ಉಳಿಯಿತು.

ಶಿಲುಬೆ ಬಿಟ್ಟು ಬಂದ ಭೂತ

ಸ್ಟೋಕರನ ಡ್ರಾಕುಲಾ ಹೆದರುತ್ತಿದ್ದದ್ದು ಶಿಲುಬೆಗೆ ಮತ್ತು ಬೆಳ್ಳುಳ್ಳಿಗೆ. ಆದರೆ ಈ ಭೂತ ಕ್ರೈಸ್ತರಲ್ಲದ ದೇಶಗಳಿಗೆ ಬಂದಾಗ ಶಿಲುಬೆಯ ಕಥೆ ಏನಾಯಿತು? 1953ರಲ್ಲಿ ಟರ್ಕಿಯಲ್ಲಿ 'ಇಸ್ತಾಂಬುಲಿನಲ್ಲಿ ಡ್ರಾಕುಲಾ' ಎಂಬ ಚಿತ್ರ ಬಂತು. ಅಲ್ಲಿ ಶಿಲುಬೆಗೆ ಕೆಲಸವಿಲ್ಲ, ಬೆಳ್ಳುಳ್ಳಿ ಮಾತ್ರ ಉಳಿಯಿತು. 1958ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಸಂಸ್ಥೆ ಸುಮಾರು 81 ಸಾವಿರ ಪೌಂಡುಗಳ ಸಣ್ಣ ಬಂಡವಾಳದಲ್ಲಿ 'ಡ್ರಾಕುಲಾ' ತೆಗೆಯಿತು. ಅದರ ಕೊನೆಯಲ್ಲಿ ನಾಯಕ ಕಿಟಕಿಯ ಪರದೆಯನ್ನು ಕಿತ್ತೆಸೆಯುತ್ತಾನೆ, ಒಳಗೆ ನುಗ್ಗಿದ ಬಿಸಿಲಿಗೆ ಸಿಕ್ಕಿದ ಭೂತ ಬೂದಿಯಾಗುತ್ತದೆ. ಆ ದೃಶ್ಯ ಜಗತ್ತಿಗೆಲ್ಲ ಮಾದರಿಯಾಯಿತು.

1967ರಲ್ಲಿ ಲಾಹೋರಿನಲ್ಲಿ ಖ್ವಾಜಾ ಸರ್ಫರಾಜ್ ನಿರ್ದೇಶಿಸಿದ 'ಜಿಂದಾ ಲಾಶ್' ಎಂಬ ಕಪ್ಪು ಬಿಳುಪು ಉರ್ದು ಚಿತ್ರ ತೆರೆಗೆ ಬಂತು. ಇಲ್ಲಿ ಭೂತವಾಗುವವನು ಯಾವ ಕೋಟೆಯ ಪ್ರಭುವೂ ಅಲ್ಲ. ಸಾವನ್ನು ಗೆಲ್ಲುವ ಮದ್ದು ಕಂಡುಹಿಡಿಯಲು ಹೊರಟ ಒಬ್ಬ ವಿಜ್ಞಾನಿ, ಪ್ರೊಫೆಸರ್ ತಬಾನಿ. ತನ್ನ ಮದ್ದನ್ನು ತಾನೇ ಕುಡಿದು ಬದುಕಿರುವ ಹೆಣವಾಗುತ್ತಾನೆ. ಅವನನ್ನು ಮುಗಿಸುವುದು ಬಿಸಿಲು. ಧರ್ಮದ ಚಿಹ್ನೆಗಳು ಗಡಿ ದಾಟುವಾಗ ಬದಲಾಗಬೇಕಾಗುತ್ತದೆ. ಬಿಸಿಲಿಗೆ ಹಾಗಿಲ್ಲ, ಅದು ಎಲ್ಲರದು. ಬೆಳಕಿಗೆ ಅಂಜುವ ಭೂತ ದೇಶದೇಶಗಳಲ್ಲಿ ಸಲೀಸಾಗಿ ಬಾಳಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಮುಂಬಯಿಯಲ್ಲಿ ಈ ಕೆಲಸವನ್ನು ಮನೆತನದ ಕಸುಬಾಗಿ ಮಾಡಿದವರು ರಾಮ್ಸೆ ಸಹೋದರರು. ಇವರ ತಂದೆ ಎಫ್. ಯು. ರಾಮ್‌ಸಿಂಘಾನಿ ದೇಶ ವಿಭಜನೆಯ ನಂತರ ಮುಂಬಯಿಗೆ ಬಂದ ಸಿಂಧಿ ವ್ಯಾಪಾರಿ. ರೇಡಿಯೋ ಅಂಗಡಿ ಇಟ್ಟಿದ್ದವರು. ಅವರು ತೆಗೆದ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' (1970) ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ಭಯಾನಕ ಮುಖವಾಡ ತೊಟ್ಟು ಕಳ್ಳತನಕ್ಕೆ ಬರುವ ಒಂದು ದೃಶ್ಯಕ್ಕಾಗಿಯೇ ಜನ ಮತ್ತೆ ಬರುತ್ತಿರುವುದನ್ನು ಮಕ್ಕಳು ಗಮನಿಸಿದರು. ಒಂದು ದೃಶ್ಯಕ್ಕೆ ಬರುವ ಜನ ಪೂರಾ ಚಿತ್ರವೇ ಹಾಗಿದ್ದರೆ ಬಾರದಿರುತ್ತಾರೆಯೇ? 1972ರ 'ದೋ ಗಜ್ ಜಮೀನ್ ಕೆ ನೀಚೆ' ಈ ಲೆಕ್ಕಾಚಾರದ ಫಲ. ಅಣ್ಣತಮ್ಮಂದಿರೇ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿಗ್ರಹಣಗಳನ್ನು ಹಂಚಿಕೊಂಡು ಮಾಡಿದರು. 'ಪುರಾನಾ ಮಂದಿರ್' (1984), 'ವೀರಾನಾ' (1988), 'ಬಂದ್ ದರ್ವಾಜಾ' (1990) ಸಾಲಾಗಿ ಬಂದವು. ದೊಡ್ಡ ನಗರದ ವಿಮರ್ಶಕರು ಮೂಗು ಮುರಿದರು. ಸಣ್ಣ ಊರುಗಳ ಪ್ರೇಕ್ಷಕರು ಕೈಬಿಡಲಿಲ್ಲ.

ಕತ್ತಲೆ ಅಗ್ಗದ ಸಾಮಾನು ಎಂಬುದೇ ಇಂಥ ಚಿತ್ರಗಳ ಒಳಗುಟ್ಟು. ಬೆಳಕು ಕಡಿಮೆ ಮಾಡಿದರೆ ಗೋಡೆ ರಟ್ಟಿನದೋ ಕಲ್ಲಿನದೋ ತಿಳಿಯುವುದಿಲ್ಲ, ಮುಖವಾಡದ ಹೊಲಿಗೆ ಕಾಣುವುದಿಲ್ಲ. ಉಳಿದುದನ್ನು ನೋಡುವವನ ಮನಸ್ಸೇ ತುಂಬಿಕೊಳ್ಳುತ್ತದೆ. ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ಹೆಂಡತಿಯನ್ನೇ ನಟಿಯಾಗಿಸಿ ತಮ್ಮ ಮನೆಯಲ್ಲೇ 'ಲೈಟ್ಸ್ ಔಟ್' ಎಂಬ ಮೂರು ನಿಮಿಷದ ಚಿತ್ರ ತೆಗೆದ. ದೀಪ ಆರಿಸಿದರೆ ಆಕೃತಿಯೊಂದು ನಿಂತಿದೆ, ಹಚ್ಚಿದರೆ ಇಲ್ಲ. ಇಷ್ಟೇ ಕಥೆ. 2016ರಲ್ಲಿ ಅದೇ ಹಾಲಿವುಡ್ಡಿನ ಪೂರ್ಣ ಚಿತ್ರವಾಯಿತು. ಸುಮಾರು 49 ಲಕ್ಷ ಡಾಲರು ಹಾಕಿ ತೆಗೆದದ್ದು 14 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅಲ್ಲಿಯ ವ್ಯವಹಾರದಲ್ಲಿ 49 ಲಕ್ಷ ಬಹಳ ಸಣ್ಣ ಮೊತ್ತ. ಆ ಚಿತ್ರದ ದೊಡ್ಡ ಬಂಡವಾಳವೆಂದರೆ ಗೋಡೆಯ ಮೇಲಿನ ಸ್ವಿಚ್ಚು.

ನಮ್ಮ ನಿಶಾಚರರು

ನಮ್ಮ ದೆವ್ವಗಳು ಬೆಳಕಿಗೆ ಹೆದರುತ್ತಿದ್ದವೇ? ರಾಕ್ಷಸರಿಗೆ ನಿಶಾಚರರು, ಅಂದರೆ ರಾತ್ರಿ ಸಂಚಾರಿಗಳು ಎಂಬ ಹೆಸರಿದೆ. ಮಹಾಭಾರತದ ದ್ರೋಣಪರ್ವದಲ್ಲಿ ಹದಿನಾಲ್ಕನೆಯ ದಿನದ ಯುದ್ಧ ರಾತ್ರಿಗೂ ಮುಂದುವರಿಯುತ್ತದೆ. ಕತ್ತಲೆಯಲ್ಲಿ ರಾಕ್ಷಸಬಲ ಹೆಚ್ಚುವುದರಿಂದ ಘಟೋತ್ಕಚನದೇ ಮೇಲುಗೈ. ಸೈನಿಕರು ಪಂಜುಗಳನ್ನು ಹಿಡಿದು ರಣರಂಗವನ್ನೇ ಬೆಳಗುತ್ತಾರೆ. ಆದರೂ ಘಟೋತ್ಕಚ ದೀಪಕ್ಕೆ ಹೆದರುವುದಿಲ್ಲ. ಅವನನ್ನು ಕೊಲ್ಲಲು ಇಂದ್ರ ಕೊಟ್ಟ ಶಕ್ತ್ಯಾಯುಧವನ್ನೇ ಕರ್ಣ ಕಳೆದುಕೊಳ್ಳಬೇಕಾಗುತ್ತದೆ. ಕತ್ತಲೆ ರಾಕ್ಷಸನಿಗೆ ಬಲ ಕೊಡುತ್ತದೆ ನಿಜ, ಆದರೆ ಬೆಳಕು ಅವನಿಗೆ ವಿಷವಲ್ಲ.

ಅದೇ ಮಹಾಭಾರತದಲ್ಲಿ ರಾತ್ರಿ ನಡೆಯುವ ಅತ್ಯಂತ ಭೀಕರ ಕೊಲೆಯನ್ನು ಮಾಡಿದವನು ರಾಕ್ಷಸನಲ್ಲ. ಮಲಗಿದ್ದ ಪಾಂಡವರ ಮಕ್ಕಳನ್ನು ಕೊಂದವನು ಅಶ್ವತ್ಥಾಮ, ಗುರುಪುತ್ರ. ಈ ಅಶ್ವತ್ಥಾಮನನ್ನು ಗ್ರೀಕ್ ನಾಟಕದ ಅಜಾಕ್ಸನ ಅಚ್ಚಿನಲ್ಲಿ ಎರಕ ಹೊಯ್ದು 'ಅಶ್ವತ್ಥಾಮನ್' ನಾಟಕ ಬರೆದ ಬಿ. ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ಇದೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, 1884ರಲ್ಲಿ.

'ದೆವ್ವ' ಎಂಬ ಮಾತನ್ನೇ ನೋಡಿ. ಅದು 'ದೇವ', 'ದೈವ' ಪದಗಳ ಕಡೆಯಿಂದ ಬಂದ ತದ್ಭವ. ಪೂಜೆಗೆ ಸಲ್ಲುವುದೂ ಭಯಕ್ಕೆ ಸಲ್ಲುವುದೂ ಒಂದೇ ಮೂಲದವು. ಇನ್ನು ಕೊಳ್ಳಿದೆವ್ವ. ಅದು ಬೆಳಕಿಗೆ ಹೆದರುವ ಮಾತೇ ಇಲ್ಲ. ಅದು ಬರುವುದೇ ಕೊಳ್ಳಿ ಹಿಡಿದುಕೊಂಡು. ದೂರದ ಹೊಲದ ಬದುವಿನಲ್ಲಿ ಹತ್ತಿ ಆರುವ ಬೆಳಕೇ ಆ ದೆವ್ವ.

ಮುಸ್ಲಿಂ ಮನೆಗಳ ಅಜ್ಜಿಯರು ಹೇಳುವ ಜಿನ್ನುಗಳ ಕಥೆಯೂ ಹೀಗೆಯೇ. ಕುರ್‌ಆನಿನ ಪ್ರಕಾರ ಜಿನ್ನುಗಳ ಸೃಷ್ಟಿ ಹೊಗೆಯಿಲ್ಲದ ಬೆಂಕಿಯಿಂದ. ಬೆಂಕಿಯಿಂದಾದದ್ದು ಬೆಳಕಿಗೆ ಹೆದರುವುದೆಂತು? ಅರಬಿಯಲ್ಲಿ ಆ ಪದದ ಧಾತುವಿಗೆ 'ಮುಚ್ಚಿರುವುದು, ಕಣ್ಣಿಗೆ ಕಾಣದಿರುವುದು' ಎಂದು ಅರ್ಥ. ಗರ್ಭದಲ್ಲಿರುವ ಶಿಶುವಿಗೆ 'ಜನೀನ್' ಎನ್ನುವುದು, ಬುದ್ಧಿಗೆ ಮಂಕು ಕವಿದರೆ 'ಜುನೂನ್' ಎನ್ನುವುದು, ಮರಗಳು ಕವಿದ ತೋಟಕ್ಕೆ 'ಜನ್ನತ್' ಎನ್ನುವುದು ಎಲ್ಲವೂ ಅದೇ ಧಾತುವಿನಿಂದ. ಭಯವೂ ಸ್ವರ್ಗವೂ ಒಂದೇ ನೆರಳಿನ ಎರಡು ಹೆಸರುಗಳು ಎಂಬುದು ತೆಂಗಿನ ತೋಟದ ನಡುವೆ ಮನೆ ಮಾಡಿಕೊಂಡವರಿಗೆ ವಿವರಿಸಿ ಹೇಳಬೇಕಾದ ಮಾತಲ್ಲ. ಮಧ್ಯಾಹ್ನ ತಂಪು ಕೊಟ್ಟ ಮರಗಳೇ ಅಮಾವಾಸ್ಯೆಯ ರಾತ್ರಿ ಬೇರೆ ಥರ ಕಾಣುತ್ತವೆ.

ಅಟ್ಟದ ಸದ್ದು

ಈ ಸೀಮೆಯ ಮಕ್ಕಳನ್ನು ಹೆದರಿಸಲು ಹಿರಿಯರಿಗೆ ಬೇರೆ ಕೋಟೆ, ಪಾಳುಬಂಗಲೆ ಬೇಕಿರಲಿಲ್ಲ. ಮನೆಯಲ್ಲೇ ಅಟ್ಟವಿತ್ತು. 'ಅಟ್ಟದ ಮೇಲೆ ಗುಮ್ಮ ಐತೆ' ಎಂದರೆ ಸಾಕು, ಮಗು ಉಸಿರೆತ್ತದೆ ಮಲಗುತ್ತಿತ್ತು. ಆ ಅಟ್ಟದಲ್ಲಿ ನಿಜವಾಗಿ ಸದ್ದು ಆಗುತ್ತಿತ್ತು.

ಉಂಡೆ ಕೊಬ್ಬರಿ ಮಾಡುವ ರೀತಿ ಹೀಗಿದೆ. ಚೆನ್ನಾಗಿ ಬಲಿತ ಕಾಯಿಗಳನ್ನು ಕೆಡವಿ, ಸಿಪ್ಪೆ ಸುಲಿಯದೆ, ಗಾಳಿಯಾಡುವ ಅಟ್ಟದ ಮೇಲೆ ಗುಡ್ಡೆ ಹಾಕುತ್ತಾರೆ. ಮಳೆ ತಾಕಬಾರದು, ನೇರ ಬಿಸಿಲೂ ಬೀಳಬಾರದು. ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕಾಯಿ ಆ ಮಬ್ಬಿನಲ್ಲೇ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಆಗ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಗಡಗಡ ಎಂದು ಉಂಡೆ ಉರುಳುವ ಸದ್ದು. ಕೊಬ್ಬರಿ ಆಯಿತು ಎಂಬುದಕ್ಕೆ ಅದೇ ಗುರುತು. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆಯನ್ನು ಹೊರತೆಗೆದು ತಿಪಟೂರಿನ ಮಾರುಕಟ್ಟೆಗೆ ತರುತ್ತಾರೆ. ಉಂಡೆ ಕೊಬ್ಬರಿಯ ವ್ಯಾಪಾರದಲ್ಲಿ ಈ ಮಾರುಕಟ್ಟೆಗೆ ದೇಶದಲ್ಲೇ ದೊಡ್ಡ ಹೆಸರು.

ಈ ಒಣಗಿದ ಕಾಯಿಗಳ ನಡುವೆ ರಾತ್ರಿ ಒಂದು ಇಲಿ ಓಡಿದರೆ ಸಾಕು, ಕಾಯಿ ಉರುಳುತ್ತದೆ, ಒಳಗಿನ ಉಂಡೆ ಕುಣಿಯುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ತೋಟದಲ್ಲಿ ಒಣಗಿದ ಗರಿ ದೊಪ್ಪೆಂದು ಬೀಳುತ್ತದೆ. ಗೂಬೆ ಚೀರುತ್ತದೆ. ಕಬ್ಬೆಕ್ಕು ಮರದಿಂದ ಮರಕ್ಕೆ ಸರಿಯುತ್ತದೆ. ಬೆಳಕಿಗೆ ಅಂಜುವ ಜೀವಿಗಳು ಎಂದರೆ ಇವೇ. ದೀಪ ತಂದರೆ ಓಡಿಹೋಗುತ್ತವೆ. ದೀಪ ತಂದವನಿಗೆ ಏನೂ ಕಾಣುವುದಿಲ್ಲ. ಏನೂ ಕಾಣದಿದ್ದುದೇ ದೆವ್ವವಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ! ಸ್ಯಾಂಡ್‌ಬರ್ಗನ ಮೂರು ನಿಮಿಷದ ಚಿತ್ರದ ತಿರುಳೂ ಇದೇ ಅಲ್ಲವೇ?

ಪಂಜಿನಿಂದ ಟೆಂಟಿಗೆ

ಕರೆಂಟು ಬರುವ ಮೊದಲು ಈ ಸೀಮೆಯ ರಾತ್ರಿಗಳಿಗೆ ಬಣ್ಣ ತಂದದ್ದು ಮೂಡಲಪಾಯ ಯಕ್ಷಗಾನ. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ರಾತ್ರಿಯಿಡೀ ಆಟ. ಎಣ್ಣೆಯ ಪಂಜು ಹಿಡಿದವರು ಇಕ್ಕೆಲದಲ್ಲಿ ನಿಲ್ಲುತ್ತಿದ್ದರು. ರಾಕ್ಷಸ ವೇಷ ರಂಗಕ್ಕೆ ಬರುವಾಗ ಪಂಜಿಗೆ ರಾಳದ ಪುಡಿ ಎರಚಿದರೆ ಭಗ್ಗೆಂದು ಉರಿ ಏಳುತ್ತಿತ್ತು. ಇಲ್ಲಿ ರಾಕ್ಷಸ ಬರುವುದೇ ಬೆಳಕಿನ ನಡುವೆ. ಅವನು ಬೆಳಕಿಗೆ ಅಂಜಿದರೆ ಆಟವೇ ಇಲ್ಲ. ಮುಂದೆ ಗ್ಯಾಸ್‌ಲೈಟು ಬಂತು, ಹಾರ್ಮೋನಿಯಂ ಬಂತು, ಊರೂರಲ್ಲೂ 'ಕುರುಕ್ಷೇತ್ರ'ದಂಥ ಪೌರಾಣಿಕ ನಾಟಕ ಕಟ್ಟುವ ಗೀಳು ಹಬ್ಬಿತು. ತಿಪಟೂರಿನಿಂದ ಹೆಚ್ಚು ದೂರವಿಲ್ಲದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು ನಾಡಿಗೇ ದೊಡ್ಡದಾಗಿ ಬೆಳೆಸಿದರು.

1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಹುಡುಗನೊಬ್ಬ ಬಾಲ್ಯದಲ್ಲೇ ನಾಟಕ ಕಂಪನಿ ಸೇರಿ, 1954ರ 'ಬೇಡರ ಕಣ್ಣಪ್ಪ'ದ ಹೊತ್ತಿಗೆ ಸಿನಿಮಾಕ್ಕೆ ಬಂದ. ಅವರೇ ಹಾಸ್ಯನಟ ನರಸಿಂಹರಾಜು. ಉಬ್ಬಿದ ಹಲ್ಲು, ಸಣಕಲು ಮೈ, ಅರಳಿದ ಕಣ್ಣು. ಹೆದರಿದವನ ಪಾತ್ರಕ್ಕೆ ಇದಕ್ಕಿಂತ ಒಪ್ಪುವ ಮುಖ ಕನ್ನಡದಲ್ಲಿ ಇನ್ನೊಂದಿರಲಿಲ್ಲ. ತೆಂಗಿನ ಸೀಮೆ ಕನ್ನಡ ಸಿನಿಮಾಕ್ಕೆ ಹೆದರಿಸುವವನನ್ನು ಕೊಡಲಿಲ್ಲ, ಭಯವನ್ನು ನಗೆಯಾಗಿ ಮಾಡುವವರನ್ನು ಕೊಟ್ಟಿತು. ಭಯಕ್ಕೆ ಬೆಳಕಿನ ಹಾಗೆಯೇ ನಗುವೂ ಒಂದು ಮದ್ದು.

ಟೆಂಟ್ ಸಿನಿಮಾದ ಕಥೆ ಇನ್ನೂ ಸ್ವಾರಸ್ಯದ್ದು. ಬಟ್ಟೆಯ ಡೇರೆಗೆ ಹಗಲಿನಲ್ಲಿ ಕತ್ತಲೆ ಕಟ್ಟಲು ಬರುವುದಿಲ್ಲ. ಹಾಗಾಗಿ ಹೊತ್ತು ಮುಳುಗುವ ತನಕ ಆಟವಿಲ್ಲ. ಘಂಟಸಾಲ ಹಾಡಿದ 'ನಮೋ ವೆಂಕಟೇಶ' ಮೈಕಿನಲ್ಲಿ ಕೇಳಿಬಂದರೆ ಟಿಕೆಟ್ ಕೊಡುವ ಹೊತ್ತಾಯಿತು ಎಂದು ಸುತ್ತಲಿನ ಹಳ್ಳಿಗಳಿಗೆ ತಿಳಿಯುತ್ತಿತ್ತು. ಒಂದೇ ಪ್ರೊಜೆಕ್ಟರ್ ಇದ್ದಲ್ಲಿ ರೀಲು ಬದಲಿಸಲು ಮತ್ತೆ ಮತ್ತೆ ವಿರಾಮ. ಎರಡು ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಕಿಡಿಯೇ ಪರದೆಯ ಬೆಳಕು. ಅಂದರೆ ಬೆಳಕಿಗೆ ಅಂಜುವ ದೆವ್ವದ ಹಾಗೆ ಟೆಂಟ್ ಕೂಡ ಹಗಲಿನಲ್ಲಿ ಸತ್ತಂತಿದ್ದು ರಾತ್ರಿ ಜೀವ ಪಡೆಯುತ್ತಿತ್ತು. ಇನ್ನೊಂದು ಮಾತು. ಸೆಕೆಂಡಿಗೆ 24 ಚಿತ್ರಗಳು ಓಡುವಾಗ ಒಂದು ಚಿತ್ರ ಸರಿದು ಇನ್ನೊಂದು ಬರುವ ನಡುವೆ ಬೆಳಕನ್ನು ತಡೆಯುವ ಮುಚ್ಚಳವೊಂದು ಪ್ರೊಜೆಕ್ಟರಿನಲ್ಲಿ ತಿರುಗುತ್ತಿರುತ್ತದೆ. ಹೀಗೆ ಸಿನಿಮಾ ನೋಡುವವನು ಸುಮಾರು ಅರ್ಧ ಹೊತ್ತು ಬರೀ ಕತ್ತಲೆಯನ್ನೇ ನೋಡುತ್ತಿರುತ್ತಾನೆ. ಅದು ಅವನಿಗೆ ಗೊತ್ತಾಗುವುದಿಲ್ಲ.

ಕನ್ನಡ ಪರದೆಯ ದೆವ್ವಗಳು

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಬಡವರ ಮನೆಗೆ ಒಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆ ಬಂದದ್ದು 1979ರ ಸುಮಾರಿಗೆ. ಗಣಿಯಿಂದ ಗುಡಿಸಲಿಗೆ ಬರಲು ಬೆಳಕಿಗೆ ಮುಕ್ಕಾಲು ಶತಮಾನ ಬೇಕಾಯಿತು.

ಅದೇ 1979ರಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 'ನಾ ನಿನ್ನ ಬಿಡಲಾರೆ' ಕನ್ನಡದಲ್ಲಿ ದೆವ್ವದ ಚಿತ್ರಕ್ಕೆ ದೊಡ್ಡ ಗೆಲುವು ತಂದಿತು. ಗಂಡಸಿನ ಮೈಮೇಲೆ ಬಂದ ಹೆಣ್ಣು ದೆವ್ವವನ್ನು ಬಿಡಿಸುವುದು ಅಲ್ಲಿ ರಾಘವೇಂದ್ರ ಸ್ವಾಮಿಗಳ ಮಹಿಮೆ, ಸೂರ್ಯನ ಬೆಳಕಲ್ಲ. 1993ರಲ್ಲಿ ಉಪೇಂದ್ರ ನಿರ್ದೇಶಿಸಿದ 'ಶ್!' ಸಿನಿಮಾ ತೆಗೆಯಲು ಹೋದವರನ್ನೇ ದೆವ್ವದ ಭಯಕ್ಕೆ ಸಿಕ್ಕಿಸಿತು. 2013ರ '6-5=2' ಹೆಸರಿಲ್ಲದ ನಟರನ್ನು ಹಾಕಿಕೊಂಡು, ಚಾರಣಕ್ಕೆ ಹೋದವರ ಕೈಯಲ್ಲಿದ್ದ ಕ್ಯಾಮೆರಾದಲ್ಲಿ ಸಿಕ್ಕಿದ ಚಿತ್ರವೆಂಬಂತೆ ಕಥೆ ಹೇಳಿ, ಕಡಿಮೆ ಖರ್ಚಿನಲ್ಲಿ ಗೆದ್ದಿತು. ಕಾಡು, ರಾತ್ರಿ, ಒಂದು ಟಾರ್ಚು. ನೂರು ವರ್ಷದ ಹಿಂದೆ ಮುರ್ನೌ ಕೈಯಲ್ಲಿದ್ದ ಬಂಡವಾಳವೂ ಹೆಚ್ಚುಕಡಿಮೆ ಇಷ್ಟೆ.

ಸಿನಿಮಾವನ್ನು ಮೀರಿಸಿದ ಒಂದು ದೆವ್ವವೂ ನಮ್ಮಲ್ಲಿತ್ತು. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿತು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವಕ್ಕೆ ಬಾಗಿಲ ಮೇಲಿನ ಉತ್ತರ ಅದು. ದೆವ್ವ ಓದಿಕೊಂಡು ಹಿಂದಿರುಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ. ಈ ಸುದ್ದಿಯಿಂದಲೇ 2018ರಲ್ಲಿ ಹಿಂದಿಯ 'ಸ್ತ್ರೀ' ಚಿತ್ರ ಹುಟ್ಟಿತು. ಬೆಳಕಿಗಲ್ಲ, ಅಕ್ಷರಕ್ಕೆ ಮಣಿಯುವ ದೆವ್ವ! ದೆವ್ವಕ್ಕೆ ಓದಲು ಬರುತ್ತದೆ ಎಂದು ನಂಬಿದ ಸಮಾಜದಲ್ಲಿ ಆಗ ಓದಲು ಬಾರದ ಮನುಷ್ಯರು ಬೇಕಾದಷ್ಟು ಜನರಿದ್ದರು.

ಕತ್ತಲೆಗೆ ತಳ್ಳಿದ್ದು ಯಾರನ್ನು?

ಇಷ್ಟಕ್ಕೇ ನಿಂತರೆ ಇದು ಮನರಂಜನೆಯ ಚರಿತ್ರೆಯಾಗುತ್ತದೆ. ಆದರೆ 'ನೊಸ್ಫೆರಾಟು' ಚಿತ್ರದಲ್ಲಿ ಇನ್ನೊಂದು ಸಂಗತಿ ಇದೆ. ಓರ್ಲಾಕ್ ಒಬ್ಬನೇ ಬರುವುದಿಲ್ಲ, ಹಡಗಿನ ತುಂಬ ಇಲಿಗಳನ್ನು ತರುತ್ತಾನೆ. ಅವನು ಕಾಲಿಟ್ಟ ಊರಿಗೆ ಪ್ಲೇಗು ಬಡಿಯುತ್ತದೆ. ಪೂರ್ವದ ದೇಶದಿಂದ ಬಂದವನು, ಕೊಕ್ಕೆ ಮೂಗಿನವನು, ನಮ್ಮವನಲ್ಲದವನು ರೋಗ ತಂದ ಎಂಬುದು ಕಥೆ. ಪ್ಲೇಗಿನ ರೋಗಾಣುವನ್ನು ವಿಜ್ಞಾನ 1894ರಲ್ಲೇ ಗುರುತಿಸಿತ್ತು. ಇಲಿಯ ಮೈಮೇಲಿನ ಚಿಗಟದಿಂದ ಅದು ಹರಡುತ್ತದೆಂದು 1898ರಲ್ಲಿ ಕರಾಚಿಯಲ್ಲಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ತೋರಿಸಿದ್ದ. ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮುಂದಿನ ವರ್ಷಗಳಲ್ಲಿ ಮೈಸೂರು ಸೀಮೆಯ ಹಳ್ಳಿಗಳ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇಲಿ ಸತ್ತು ಬಿದ್ದರೆ ಊರು ಬಿಡಬೇಕೆಂದು ನಮ್ಮ ರೈತರು ಅನುಭವದಿಂದ ಕಲಿತರು. ಚಿಗಟದ ತಪ್ಪನ್ನು ಮನುಷ್ಯನ ಮೇಲೆ ಹೊರಿಸುವ ಕಥೆ ಬರ್ಲಿನ್ನಿನ ಪರದೆಯ ಮೇಲೆ ಆಮೇಲೂ ಓಡಿತು.

ಮುರ್ನೌ ತಂಡಕ್ಕೆ ಕೆಟ್ಟ ಉದ್ದೇಶವಿತ್ತೆಂದು ಹೇಳಲಾಗದು. ಚಿತ್ರಕಥೆ ಬರೆದ ಗಾಲೀನ್ ಸ್ವತಃ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಅವನು ದೇಶ ಬಿಟ್ಟು ಹೋಗಬೇಕಾಯಿತು. ಆದರೆ ಪರದೆಯ ಮೇಲೆ ಮೂಡಿದ ಚಿತ್ರ ತೆಗೆದವನ ಉದ್ದೇಶವನ್ನು ಕೇಳಿಕೊಂಡು ಓಡಾಡುವುದಿಲ್ಲ. 1940ರಲ್ಲಿ ನಾಜಿಗಳು ತಯಾರಿಸಿದ ಒಂದು ಪ್ರಚಾರಚಿತ್ರದಲ್ಲಿ ಯಹೂದಿಗಳ ವಲಸೆಯನ್ನು ಇಲಿಗಳ ಹಿಂಡಿಗೆ ಹೋಲಿಸಿ ತೋರಿಸಿದರು. ಈ ಸಲ ಅದು ಕಥೆ ಎಂದು ಹೇಳಲಿಲ್ಲ, ಸತ್ಯವೆಂದು ಹೇಳಿದರು. ಮನುಷ್ಯರನ್ನು ಇಲಿಗಳೆಂದು ಒಪ್ಪಿಕೊಂಡ ಮೇಲೆ ನಡೆದದ್ದೇನು ಎಂಬುದು ಜಗತ್ತಿಗೇ ಗೊತ್ತು.

ಇದು ಜರ್ಮನಿಯ ಮಾತಷ್ಟೇ ಅಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೂಲಿ ಅರಸಿ ಬಂದಿದ್ದ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನ ಮೇಲೆ ಬಿದ್ದು ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ಸಾಯಿಸಿದರು, ಮೂವರು ಗಾಯಗೊಂಡರು. ಇದು ನಡೆದದ್ದು ಕತ್ತಲೆಯಲ್ಲಲ್ಲ, ಹಗಲು ಬೆಳಕಿನಲ್ಲಿ. ವದಂತಿಯೆಂಬ ಈ ಭೂತ ಬೆಳಕಿಗೆ ಅಂಜುವುದಿಲ್ಲ. ಅದು ಮನೆ ಮಾಡಿರುವುದೇ ಅಂಗೈಯಲ್ಲಿ ಹೊಳೆಯುವ ಪರದೆಯ ಬೆಳಕಿನಲ್ಲಿ.

ಹಾಗಾದರೆ ಯಾವ ಬೆಳಕು? 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳ ಪರೀಕ್ಷೆಗೆ ಒಂದು ಸಮಿತಿ ಮಾಡಿದರು. ದೊಡ್ಡವರ ಸಿಟ್ಟಿಗೂ ಗುರಿಯಾದರು. ಕರ್ನಾಟಕದಲ್ಲಿ ಮೌಢ್ಯದ ಹೆಸರಿನ ಕ್ರೌರ್ಯವನ್ನು ತಡೆಯುವ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ಇವು ಬೇಕಾದ ಕೆಲಸಗಳು. ಆದರೆ 'ಅಟ್ಟದ ಮೇಲೆ ಏನೋ ಇದೆ' ಎಂದಾಗ ಏಣಿ ಹಾಕಿ ಹತ್ತಿ ನೋಡುವ ಅಭ್ಯಾಸ ಕಾಯ್ದೆಯಿಂದ ಬರುವುದಿಲ್ಲ.

ತೆಂಗಿನ ಸೀಮೆಯ ರೈತನಿಗೆ ಆ ಅಭ್ಯಾಸ ಇದೆ. ಪಂಪುಸೆಟ್ಟಿನ ಕರೆಂಟು ಎಷ್ಟೋ ಕಡೆ ನಡುರಾತ್ರಿಯಲ್ಲಿ ಬರುತ್ತಿದ್ದುದರಿಂದ ಅವನು ಟಾರ್ಚು ಹಿಡಿದು ಒಬ್ಬನೇ ತೋಟಕ್ಕೆ ಹೋಗಿ ಅಭ್ಯಾಸವಾದವನು. ಅಲ್ಲಿ ಅವನು ಹೆದರುವುದು ದೆವ್ವಕ್ಕಲ್ಲ. ಹಾವಿಗೆ, ಕರಡಿಗೆ, ಚಿರತೆಗೆ. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಇದೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಚಿರತೆಯ ದಾಳಿಗೆ ಮಕ್ಕಳೂ ಸೇರಿ ಹಲವರು ಜೀವ ಕಳೆದುಕೊಂಡರು. ಅಂಥ ಭಯ ನಿಜವಾದದ್ದು, ಅದಕ್ಕೆ ಬೇಕಾದ ಪರಿಹಾರವೂ ನಿಜವಾದದ್ದೇ: ಹಗಲು ಹೊತ್ತಿನ ಕರೆಂಟು, ಬೀದಿಗೆ ದೀಪ, ಅರಣ್ಯ ಇಲಾಖೆಯ ಬೋನು. ಇಂಥ ಭಯ ಯಾವ ಮನುಷ್ಯನನ್ನೂ ಭೂತವನ್ನಾಗಿ ಮಾಡುವುದಿಲ್ಲ.

ಕೊಬ್ಬರಿ ಆಯಿತೋ ಇಲ್ಲವೋ ಎಂದು ತಿಳಿಯಲು ಈ ಸೀಮೆಯವರು ಕಾಯಿಯನ್ನು ಕೈಗೆತ್ತಿಕೊಂಡು, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿ ಕೇಳುತ್ತಾರೆ. ಯಾರೋ ಹೇಳಿದರೆಂದು ಒಡೆಯುವುದಿಲ್ಲ. ಕಾಯಿಗೆ ತೋರಿಸುವ ಈ ತಾಳ್ಮೆಯನ್ನು, ಊರಿಗೆ ಹೊಸದಾಗಿ ಬಂದ ಮನುಷ್ಯನ ವಿಷಯದಲ್ಲೂ ತೋರಿಸಿದರೆ ಬೇರೆ ಬೆಳಕು ಬೇಕಿಲ್ಲ.